ಚೊಂಬು, ಚಂದ್ರ ಮತ್ತು ಸ್ವೀಟ್ ಕಾರ್ನ್

(ಹೊಳಲ್ಕೆರೆಯ ಒಂದು ಬೀಜ-ಗೊಬ್ಬರದ ಅಂಗಡಿ. ಗಲ್ಲಾದ ಮುಂದೆ ಓಬಕ್ಕ. ಕೈಯಲ್ಲಿ ಮೊಬೈಲು ಹಿಡಿದು ತಿಪ್ಪೇಸ್ವಾಮಿ ಬರುತ್ತಾನೆ.)

ತಿಪ್ಪೇಸ್ವಾಮಿ: ಓಬಕ್ಕ, ಸ್ವೀಟ್ ಕಾರ್ನ್ ಬೀಜ ಇನ್ನೊಂದು ಪ್ಯಾಕೆಟ್ ಕೊಡು. ಹೋದ ಸಲದ್ದು ಬರೀ ಮೋಸ. ಒಂದು ಕಾಳೂ ಹುಟ್ಟಲಿಲ್ಲ.

ಓಬಕ್ಕ: ನೂರಕ್ಕೆ ಹತ್ತು ಹುಟ್ಟಲಿಲ್ಲ ಅಂದ್ರೆ ಬೀಜದ ಮೇಲೆ ಅನುಮಾನ ಪಡಬಹುದು. ಒಂದೂ ಹುಟ್ಟಲಿಲ್ಲ ಅಂದ್ರೆ ಬಿತ್ತಿದೋನ ಮೇಲೇ ಅನುಮಾನ. ಏನ್ ಮಾಡಿದೆ ಹೇಳು.

ತಿಪ್ಪೇಸ್ವಾಮಿ: ಏನೂ ಕಮ್ಮಿ ಮಾಡಿಲ್ಲ ಕಣಕ್ಕ. ಬೀಜಕ್ಕೆ ಅದೇನೋ ಗುಲಾಬಿ ಬಣ್ಣದ ವಿಷ ಬಳಿದಿದ್ರಲ್ಲ, ಅದನ್ನ ಮೂರು ನೀರಲ್ಲಿ ತೊಳೆದೆ. ತಾಮ್ರದ ಚೊಂಬಿಗೆ ಗಂಜಲ, ಅರಿಶಿನ, ಬೆಲ್ಲ ಹಾಕಿ, ಬೀಜ ಮುಳುಗಿಸಿ, ಹುಣ್ಣಿಮೆ ರಾತ್ರಿ ಮಾಳಿಗೆ ಮೇಲೆ ಬೆಳದಿಂಗಳಿಗೆ ಇಟ್ಟೆ. ಬೆಳಗ್ಗೆ ಕುಂಡಕ್ಕೆ ಬಿತ್ತಿ, ಕುಂಡದ ಕೆಳಗೆ ಸೊಸೆಯ ಸೊಂಟನೋವಿನ ಕರೆಂಟು ಪ್ಯಾಡ್ ಹಾಕಿದೆ. ದಿನಾ ಎರಡು ಸಲ ನೀರು, ಒಂದು ಸಲ ಕೊಳಲು ಸಂಗೀತ. ರೀಲ್ಸಲ್ಲಿ ಹೇಳಿದ್ದು ಒಂದನ್ನೂ ಬಿಡಲಿಲ್ಲ.

ಓಬಕ್ಕ: ಬೀಜ ಆಮೇಲೆ ನೋಡಾಣ. ಯಾವ ಚೊಂಬು?

ತಿಪ್ಪೇಸ್ವಾಮಿ: ಮನೇಲಿರೋದು ಒಂದೇ ತಾಮ್ರದ ಚೊಂಬು. ಬೆಳಗ್ಗೆ ಎದ್ದು ನೀರು ಕುಡೀತೀನಲ್ಲ, ಅದೇ.

ಓಬಕ್ಕ: ವಿಷ ತೊಳೆದಿದ್ದು?

ತಿಪ್ಪೇಸ್ವಾಮಿ: ಅದರಲ್ಲೇ.

ಓಬಕ್ಕ: ಬೀಜ ಹುಟ್ಟದೆ ಇದ್ರೂ ಪರವಾಗಿಲ್ಲ, ನೀನು ಉಳಿದಿದೀಯಲ್ಲ. ಲೋ, ಅದು ಶಿಲೀಂಧ್ರನಾಶಕ. ವಿಷ ಅನ್ನೋದು ನಿಜಾನೇ. ಆ ಬೀಜ ತಿನ್ನಬಾರದು, ಕೋಳಿಗೆ ಹಾಕಬಾರದು, ಮುಟ್ಟಿದ ಮೇಲೆ ಕೈ ತೊಳೀಬೇಕು. ಯಾರೂ ಮರೆತು ಬಾಯಿಗೆ ಹಾಕ್ಕೊಳ್ಳದೆ ಇರಲಿ ಅಂತಾನೇ ಕಣ್ಣಿಗೆ ಹೊಡೆಯೋ ಬಣ್ಣ ಬೆರೆಸಿರ್ತಾರೆ. ಮಣ್ಣಿಗೆ ಬಿದ್ದ ಮೊದಲ ವಾರ ಬೀಜಕ್ಕೆ ಬೂಷ್ಟು ಹಿಡೀದಂಗೆ ಕಾಯೋಕೆ ಇರೋದು ಅದು. ನೀನು ಕಾವಲನ್ನ ತೊಳೆದು ಹೊಟ್ಟೆಗೆ ಹಾಕ್ಕೊಂಡೆ, ಬೀಜಾನ ಬರಿಮೈಯಲ್ಲಿ ಮಣ್ಣಿಗೆ ಕಳಿಸಿದೆ. ಬಳಿದ ಬೀಜ ಬೇಡ ಅನ್ನೋರು ಬಳಿಯದ ಬೀಜಾನೇ ಕೇಳಿ ತಗೋಬೇಕು. ಬಳಿದಿದ್ದನ್ನ ತಂದು ತೊಳೆಯೋದಲ್ಲ, ಅದರಲ್ಲೂ ಕುಡಿಯೋ ಚೊಂಬಲ್ಲಿ.

ತಿಪ್ಪೇಸ್ವಾಮಿ: ಚೊಂಬಿನ ವಿಷಯ ಬಿಡು. ಮೆಕ್ಕೆಜೋಳಕ್ಕೆ ಇಷ್ಟೆಲ್ಲ ನಾಜೂಕು ಯಾರು ಮಾಡ್ತಾರೆ? ಹೊಳಲ್ಕೆರೆ ಸುತ್ತ ಎಲ್ಲಿ ನೋಡಿದ್ರೂ ಅದೇ. ಸಾಲು ಹೊಡೆದು ಉದುರಿಸ್ತಾರೆ, ಹುಟ್ಟತೈತೆ. ಇದಕ್ಕೇನು ಬಂದೈತೆ ಧಾಡಿ?

ಓಬಕ್ಕ: ಪ್ರಶ್ನೆ ಸರಿಯಾಗಿ ಕೇಳಿದೆ. ಹೊಲಕ್ಕೆ ಬಿತ್ತೋ ಮೆಕ್ಕೆಜೋಳದ ಕಾಳು ಕೈಗೆ ತಗೋ. ತುಂಬಿಕೊಂಡು ಗಟ್ಟಿಯಾಗಿರ್ತೈತೆ. ಅದರ ತೂಕದಲ್ಲಿ ನೂರಕ್ಕೆ 70ರಷ್ಟು ಪಿಷ್ಟ. ಆ ಪಿಷ್ಟ ಮೊಳಕೆಗೆ ಕಟ್ಟಿಕೊಟ್ಟ ಬುತ್ತಿ. ಎಲೆ ಹೊರಗೆ ಬಂದು ಬಿಸಿಲಲ್ಲಿ ತನ್ನ ಅನ್ನ ತಾನು ಮಾಡ್ಕೊಳ್ಳೋವರೆಗೂ ಅದನ್ನೇ ಉಂಡು ಬದುಕಬೇಕು. ಈಗ ಸ್ವೀಟ್ ಕಾರ್ನ್ ಬೀಜ ನೋಡು, ಸುಕ್ಕುಗಟ್ಟಿ ಹಗುರಾಗಿರ್ತೈತೆ. ಕಾಳಿನೊಳಗೆ ಸಕ್ಕರೆ ಪಿಷ್ಟ ಆಗೋ ಕೆಲಸ ಅದರಲ್ಲಿ ಕುಂಟುತ್ತೆ, ಯಾಕಂದ್ರೆ ಒಂದು ಜೀನ್ ಕೆಟ್ಟಿರ್ತೈತೆ. ಈ ಸುಕ್ಕುಕಾಳಿನ ಜೋಳ ವಿಪರೀತ ಸಿಹಿ ಅಂತ 1953ರಲ್ಲಿ ಪ್ರಕಟಿಸಿದೋನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್. ಈಗ ಸೂಪರ್ ಸ್ವೀಟ್ ಅಂತ ಮಾರೋ ತಳಿಗಳಲ್ಲಿ ಬಹಳಷ್ಟು ಆ ಜೀನಿನವೇ. ಅಂದ್ರೆ ನಿನ್ನ ನಾಲಿಗೆಗೆ ಸಿಕ್ಕ ಸಿಹಿ ಮೊಳಕೆಯ ಬುತ್ತಿಯಿಂದ ಕಿತ್ತಿದ್ದು. ಸಿಹಿ ಜಾಸ್ತಿ ಆದಷ್ಟೂ ಬೀಜದ ಕಸುವು ಕಮ್ಮಿ. ಎರಡೂ ಒಂದೇ ಕಾರಣದಿಂದ ಬಂದಿದ್ದು, ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡೋಕಾಗಲ್ಲ.

ತಿಪ್ಪೇಸ್ವಾಮಿ: ಅಲ್ಲಕ್ಕ, ಕಸುವು ಕಮ್ಮಿ ಅಂತಾನೇ ತಾನೆ ನಾನು ಬೆಲ್ಲದ ನೀರು ಕುಡಿಸಿದ್ದು?

ಓಬಕ್ಕ: ಸಕ್ಕರೆ ಅದಕ್ಕೆ ಮೊದಲೇ ಜಾಸ್ತಿ ಐತೆ, ನೀನು ಬೆಲ್ಲ ಬೇರೆ ಹಾಕಿದೆ! ಒಣಗಿದ ಬೀಜ ನೀರು ಕಂಡ ತಕ್ಷಣ ಹೀರ್ತೈತೆ. ಒಳಗೆ ಸಕ್ಕರೆ ತುಂಬಿದ ಸುಕ್ಕುಬೀಜ ಇನ್ನೂ ಜೋರಾಗಿ ಹೀರ್ತೈತೆ. ಆ ರಭಸಕ್ಕೆ ಒಳಗಿನ ಜೀವಕೋಶದ ಪೊರೆಗಳು ಹಾಳಾಗಿ ಸಕ್ಕರೆ ಆಚೆ ಸೋರ್ತೈತೆ. ಸೋರಿದ ಸಕ್ಕರೆಗೆ ಮಣ್ಣಿನ ಬೂಷ್ಟು ಬರ್ತೈತೆ, ಅದರ ಹಿಂದೆ ಇರುವೆ. ಇನ್ನೊಂದು ಕಡೆ, ರಾತ್ರಿಯಿಡೀ ಮುಳುಗಿಸಿದ್ರೆ ಬೀಜಕ್ಕೆ ಗಾಳಿ ಇಲ್ಲ. ಮೊಳಕೆಗೂ ಉಸಿರಾಟ ಬೇಕು. ಬಿತ್ತಿದ ಮೇಲೆ ದಿನಾ ಎರಡು ಹೊತ್ತು ಕುಂಡ ತುಂಬ ನೀರು ಹೊಯ್ದೆಯಲ್ಲ, ಅಲ್ಲೂ ಅದೇ ಕತೆ. ನಿನ್ನ ಬೀಜ ಬರದಲ್ಲಿ ಸಾಯಲಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಇದ್ಕೊಂಡು ಪ್ರವಾಹದಲ್ಲಿ ಸತ್ತಿತು, ಅದೂ ಒಂದು ಚೊಂಬಿನೊಳಗೆ.

ತಿಪ್ಪೇಸ್ವಾಮಿ: ಮತ್ತೆ ಚೊಂಬು! ನಮ್ಮ ಹಿರೀಕರು ಬೀಜ ನೆನೆಸ್ತಿರಲಿಲ್ವಾ? ಭತ್ತ ನೆನೆಸಿ ಮೊಳಕೆ ಕಟ್ಟಲ್ವಾ? ಬೀಜಾಮೃತ ಅಂತ ಈಗಲೂ ಎಷ್ಟು ಜನ ಮಾಡ್ತಾರೆ. ಅವರೆಲ್ಲ ದಡ್ಡರಾ?

ಓಬಕ್ಕ: ಅವರು ದಡ್ಡರಲ್ಲ, ಅವರ ಹೆಸರು ಹೇಳಿ ರೀಲ್ಸ್ ಮಾಡೋರು ದಡ್ಡರು. ಭತ್ತಕ್ಕೆ ಮೈಮೇಲೆ ಹೊಟ್ಟು ಐತೆ, ಒಳಗೆ ಪಿಷ್ಟ ತುಂಬೈತೆ, ಕೆಸರಲ್ಲೇ ಬೆಳೆಯೋ ಗಿಡ ಅದು, ನೆನೆಸಿದ್ರೆ ತಡ್ಕೊಂತೈತೆ. ಯಾವ ಬೀಜಕ್ಕೆ ಯಾವ ಉಪಚಾರ ಅಂತ ಹಿರೀಕರು ಕಾಳು ನೋಡಿ ಕಲಿತರು. ಭತ್ತದಿಂದ ಕಲಿತಿದ್ದನ್ನ, ಅವರು ಕಂಡೂ ಇರದ ಸುಕ್ಕುಕಾಳಿಗೆ ಅಂಟಿಸಿದ್ರೆ ಅದು ಪರಂಪರೆ ಆಗಲ್ಲ. ಬೀಜಾಮೃತ ಮಾಡೋರೂ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತುತಾರೆ. ಸವರಿ ಆರಿಸೋದು ಬೇರೆ, ಬೆಳಗಾಗೋತನಕ ಮುಳುಗಿಸೋದು ಬೇರೆ.

ತಿಪ್ಪೇಸ್ವಾಮಿ: ಆಯ್ತು, ನೀರಿನದು ಒಪ್ಪಿದೆ. ಚಂದ್ರನ್ನ ಮಾತ್ರ ಬಿಡಲ್ಲ. ಹುಣ್ಣಿಮೇಲಿ ಸಮುದ್ರ ಉಕ್ಕತೈತೆ. ಅಷ್ಟು ದೊಡ್ಡ ಸಮುದ್ರಾನೇ ಎಳೆಯೋ ಚಂದ್ರ ಇಷ್ಟು ಸಣ್ಣ ಬೀಜದ ನೀರು ಎಳೆಯಲ್ವಾ?

ಓಬಕ್ಕ: ಎಳೆಯಲ್ಲ, ಸಣ್ಣದು ಅಂತಾನೇ. ಭೂಮಿಯ ಚಂದ್ರನ ಕಡೆಯ ಮೈಗೂ ಆಚೆ ಮೈಗೂ ಸೆಳೆತದಲ್ಲಿ ಇರೋ ವ್ಯತ್ಯಾಸದಿಂದ ಬರೋದು ಉಬ್ಬರ. ಸಾವಿರಾರು ಕಿಲೋಮೀಟರ್ ಹರಡಿದ ಸಮುದ್ರದಲ್ಲಿ ಅದು ಕಾಣತೈತೆ. ನಿನ್ನ ಬೀಜದ ಈ ತುದಿಗೂ ಆ ತುದಿಗೂ ಏನು ವ್ಯತ್ಯಾಸ? ಅಷ್ಟು ದೂರ ಯಾಕೆ, ಹಿರಿಯೂರಿನ ಮಾರಿಕಣಿವೆ ನೋಡು. ಅಲ್ಲಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದ ಅಣೆಕಟ್ಟು. ಕೋಡಿ ಬಿದ್ದಿದ್ದು 1933ರಲ್ಲಿ. ಮತ್ತೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ, ಸಾವಿರಕ್ಕೂ ಹೆಚ್ಚು ಹುಣ್ಣಿಮೆ. ಒಂದು ಹುಣ್ಣಿಮೆಯಾದ್ರೂ ಕೋಡಿ ಹರಿಸಿತಾ? ಮಳೆ ಬಂದ ವರ್ಷ ಹರೀತು. ಅಂಥ ಸಾಗರಾನೇ ಅಲ್ಲಾಡಿಸದ ಚಂದ್ರ ನಿನ್ನ ಚೊಂಬಿಗೆ ಇಳಿದು ಬರ್ತಾನಾ?

ತಿಪ್ಪೇಸ್ವಾಮಿ: ಹಂಗಾದ್ರೆ ರೋಹಿಣಿ ಮಳೆ, ಮೃಗಶಿರ ಮಳೆ ಅಂತ ನಕ್ಷತ್ರ ನೋಡಿ ಬಿತ್ತೋದೂ ಮೂಢನಂಬಿಕೆನಾ? ಹೊಸದುರ್ಗದ ಮಾವನ ಮುಂದೆ ಹೇಳು ನೋಡಾಣ, ಬಾರುಕೋಲು ತಗೊಂತಾನೆ.

ಓಬಕ್ಕ: ನಿಮ್ಮ ಮಾವ ಸರಿಯಾಗೇ ಮಾಡ್ತಾನೆ. ಮಳೆ ನಕ್ಷತ್ರಕ್ಕೂ ಹುಣ್ಣಿಮೆಗೂ ಸಂಬಂಧ ಇಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿ ಇದಾನೆ ಅನ್ನೋದರ ಮೇಲೆ ಮಳೆಗೆ ಹೆಸರು. ಒಂದೊಂದು ನಕ್ಷತ್ರಕ್ಕೆ 13-14 ದಿನ. ರೋಹಿಣಿ ಮೇ ಕೊನೆಗೆ ಹಿಡೀತೈತೆ, ಮೃಗಶಿರ ಜೂನ್ 7-8ರ ಹೊತ್ತಿಗೆ. ಪ್ರತಿ ವರ್ಷ ಅದೇ ದಿನಗಳು, ಯಾಕಂದ್ರೆ ಅದು ಸೂರ್ಯನ ಲೆಕ್ಕ, ಋತುವಿನ ಲೆಕ್ಕ. ಮಳೆ ಯಾವಾಗ, ಮಣ್ಣಿನ ಹದ ಯಾವಾಗ ಅಂತ ರೈತರು ಅದರಲ್ಲಿ ಬರೆದಿಟ್ಕೊಂಡಿದಾರೆ. ಹುಣ್ಣಿಮೆ ಜನವರಿಯಲ್ಲೂ ಬರ್ತೈತೆ, ಉರಿಯೋ ಏಪ್ರಿಲ್‌ನಲ್ಲೂ ಬರ್ತೈತೆ, ಹದ ಹೇಳಲ್ಲ. ನೀನು ಮೊಬೈಲಲ್ಲಿ ನೋಡೋ ಚಂದ್ರನ ಬಿತ್ತನೆ ಪಟ್ಟಿ ಇದೆಯಲ್ಲ, ಅದರ ಮೂಲ ನಮ್ಮ ಹೊಲ ಅಲ್ಲ. 1924ರಲ್ಲಿ ರುಡಾಲ್ಫ್ ಸ್ಟೈನರ್ ಯುರೋಪಿನಲ್ಲಿ ಮಾಡಿದ ಉಪನ್ಯಾಸಗಳಿಂದ ಹುಟ್ಟಿದ ಪಂಥ ಬೆಳೆಸಿದ್ದು. ಜರ್ಮನಿಯಿಂದ ಬಂದಿದ್ದಕ್ಕೆ ನೀನು ಅಜ್ಜನ ಹೆಸರಿಟ್ಟು ಕೈ ಮುಗೀತಿದೀಯ.

ತಿಪ್ಪೇಸ್ವಾಮಿ: ಮಣ್ಣು ಬೆಚ್ಚಗಿರಬೇಕು ಅಂತಾದ್ರೂ ನಿಜ ತಾನೆ? ಅದಕ್ಕೇ ಕರೆಂಟು ಪ್ಯಾಡು.

ಓಬಕ್ಕ: ನಿಜ. ಮಣ್ಣು 10 ಡಿಗ್ರಿಯಲ್ಲಿ ಇದ್ರೆ ಸಾದಾ ಮೆಕ್ಕೆಜೋಳಾನೇ ತಿಣುಕತೈತೆ, ಸೂಪರ್ ಸ್ವೀಟಿಗೆ 16-18 ಆದ್ರೂ ಬೇಕು, 25ರಿಂದ 30 ಸಿಕ್ಕಿದ್ರೆ ಸರಾಗ. ಆ ಉಪದೇಶ ಹಿಮ ಕರಗೋ ದೇಶದೋರದು. ದುರ್ಗದ ಕೋಟೆ ಬಂಡೆ ಮೇಲೆ ಏಪ್ರಿಲಲ್ಲಿ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಅಂಥ ಊರಲ್ಲಿ ಕುಂಡಕ್ಕೆ ಕರೆಂಟಲ್ಲಿ ಕಾವು ಕೊಟ್ಟಿದೀಯ! ನಮ್ಮಲ್ಲಿ ಮಣ್ಣಿಗೆ ಚಳಿ ಅನ್ನೋ ಚಿಂತೆ ಇದ್ರೆ ಡಿಸೆಂಬರ್-ಜನವರಿಯಲ್ಲಿ ಅಷ್ಟೇ. ಮಾಳಿಗೆ ಮೇಲಿನ ಕಪ್ಪು ಕುಂಡಕ್ಕೆ ಬೇಸಿಗೇಲಿ ಬೇಕಾಗಿರೋದು ನೆರಳು. ಆ ಪ್ಯಾಡು ಸೊಸೆಗೆ ವಾಪಸ್ ಕೊಡು.

ತಿಪ್ಪೇಸ್ವಾಮಿ: ಅಕ್ಕ, ನೀನು ಬೀಜ ಮಾರ್ತೀಯೋ ಪಾಠ ಮಾರ್ತೀಯೋ? ಬೇಡ ಅನ್ನೋದನ್ನೇ ಹೇಳಿದೆ. ಮಾಡಬೇಕಾದ್ದು ಏನು?

ಓಬಕ್ಕ: ಬಹಳ ಕಮ್ಮಿ. ಮೊದಲು ಪ್ಯಾಕೆಟ್ ಮೇಲೆ ಪರೀಕ್ಷೆ ಮಾಡಿದ ತಾರೀಕು ನೋಡು. ಚೀಟಿಯ ಅವಧಿ ಮೊದಲ ಸಲಕ್ಕೆ ಆ ದಿನದಿಂದ 9 ತಿಂಗಳು. ಸುಕ್ಕುಬೀಜಕ್ಕೆ ಬೇಗ ವಯಸ್ಸಾಗತೈತೆ, ಹಳೇದು ತಗೋಬೇಡ. ಅನುಮಾನ ಇದ್ರೆ ಹತ್ತು ಬೀಜಾನ ಒದ್ದೆ ಮಾಡಿ ಹಿಂಡಿದ ಬಟ್ಟೇಲಿ ಸುತ್ತಿ ಒಂದು ವಾರ ಇಡು, ಬಟ್ಟೇಲಿ ಅಂದೆ, ಚೊಂಬಲ್ಲಿ ಅಲ್ಲ. ಎಂಟು ಮೊಳೆತರೆ ಚಿನ್ನ, ಐದಾದ್ರೆ ಒತ್ತಾಗಿ ಬಿತ್ತು, ಅದಕ್ಕಿಂತ ಕಮ್ಮಿ ಆದ್ರೆ ಬೇರೆ ಪ್ಯಾಕೆಟ್ ತಗೋ. ಬಿತ್ತೋ ಹಿಂದಿನ ದಿನವೇ ಮಣ್ಣಿಗೆ ನೀರು ಕೊಟ್ಟು ಹದಕ್ಕೆ ತಂದಿಡು. ಹಿಡಿದ್ರೆ ಉಂಡೆ ಆಗಬೇಕು, ಬೆರಳು ತಾಗಿಸಿದ್ರೆ ಪುಡಿ ಆಗಬೇಕು. ಒಣಬೀಜಾನೇ ಎರಡು-ಮೂರು ಸೆಂಟಿಮೀಟರ್ ಆಳಕ್ಕೆ ಹಾಕು. ಹಿರಿಯೂರು ಕಡೆಯ ಎರೆಮಣ್ಣಾದ್ರೆ ಇನ್ನೂ ಮೇಲೆ, ನೀರು ಕಡಿಮೆ. ಕೆಂಪು ಮಣ್ಣಾದ್ರೆ ಮೇಲೆ ಪದರ ಗಟ್ಟಿ ಕಟ್ಟದಂಗೆ ನೋಡ್ಕೋ. ಗುಣಿಗೆ ಎರಡು ಬೀಜ. ಮೊಳಕೆ ಕಾಣೋವರೆಗೂ ಮಣ್ಣು ಮುಟ್ಟಿ ನೋಡು, ಒಣಗಿದ್ರೆ ಮಾತ್ರ ಚಿಮುಕಿಸು. ಐದರಿಂದ ಎಂಟು ದಿನದಲ್ಲಿ ತಲೆ ಎತ್ತುತೈತೆ. ಒಂದೇ ಉದ್ದ ಸಾಲು ಬೇಡ, ನಾಲ್ಕು ಗಿಡ್ಡ ಸಾಲು ಚೌಕಾಕಾರ ಇರಲಿ, ಪರಾಗ ಗಾಳಿಯಲ್ಲಿ ಹೋಗೋದು. ಪಕ್ಕದ ಹೊಲದ ಮೆಕ್ಕೆಜೋಳ ಅದೇ ಹೊತ್ತಿಗೆ ಹೂ ಬಿಟ್ರೆ ನಿನ್ನ ಕಾಳಿನ ಸಿಹಿ ಹೋಗಿ ಪಿಷ್ಟ ಬರ್ತೈತೆ, ಹದಿನೈದು-ಇಪ್ಪತ್ತು ದಿನ ಹಿಂದೆ ಮುಂದೆ ಬಿತ್ತು. ಇನ್ನೂ ಅನುಮಾನ ಇದ್ರೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಐತೆ, ಅಲ್ಲಿ ಕೇಳು.

ತಿಪ್ಪೇಸ್ವಾಮಿ: ಪ್ಯಾಕೆಟ್ಟಿಗೆ ದುಡ್ಡು ಯಾಕೆ? ಕೋಟೆ ಬಾಗಿಲಲ್ಲಿ ಮಾರ್ತಾರಲ್ಲ, ಆ ತೆನೆಯ ಕಾಳೇ ಬಿಡಿಸಿ ಹಾಕಿದ್ರೆ?

ಓಬಕ್ಕ: ಉಪ್ಪು ಖಾರ ಹಚ್ಚಿದ್ದೋ, ಬರೀ ಬೇಯಿಸಿದ್ದೋ? ಹಸೀದೇ ತಂದ್ರೂ ಆಗಲ್ಲ. ತಿನ್ನೋ ತೆನೇನ ಕೂದಲು ಬಂದ ಇಪ್ಪತ್ತು ದಿನದ ಆಸುಪಾಸಿಗೆ, ಹಾಲುಗಾಳಲ್ಲೇ ಕಿತ್ತಿರ್ತಾರೆ, ಬೀಜ ಬಲಿತಿರಲ್ಲ. ಬಲಿತ ಮೇಲೆ ಕಿತ್ತಿದ್ರೂ ಅದು ಹೈಬ್ರಿಡ್ಡು, ತಾಯಿ ಗುಣ ಪೂರ್ತಿ ಬರಲ್ಲ.

ತಿಪ್ಪೇಸ್ವಾಮಿ: ಎಲ್ಲ ಒಪ್ಪಿದೆ. ಆದ್ರೆ ಆ ರೀಲ್ಸಿನೋನ ಬೀಜ ಹುಟ್ಟಿತಲ್ಲಕ್ಕ! ಕಣ್ಣಾರೆ ನೋಡಿದೀನಿ, ಹತ್ತು ಲಕ್ಷ ಜನ ನೋಡಿದಾರೆ.

ಓಬಕ್ಕ: ಹುಟ್ಟಿರಬಹುದು. ಗಟ್ಟಿ ಬೀಜ ಕೆಲವು ಎಂಥ ಹಿಂಸೆ ಕೊಟ್ರೂ ಹುಟ್ಟತವೆ. ಗಂಜಲದಿಂದ ಹುಟ್ಟಿತೋ, ಗಂಜಲ ಹಾಕಿದ್ರೂ ಹುಟ್ಟಿತೋ ಅನ್ನೋದು ಪ್ರಶ್ನೆ. ಅದು ಗೊತ್ತಾಗಬೇಕಾದ್ರೆ ಅದೇ ಪ್ಯಾಕೆಟ್ಟಿನ ಇಪ್ಪತ್ತು ಬೀಜಕ್ಕೆ ಉಪಚಾರ ಮಾಡಿ, ಇನ್ನಿಪ್ಪತ್ತಕ್ಕೆ ಏನೂ ಮಾಡದೆ, ಒಂದೇ ಮಣ್ಣಲ್ಲಿ ಪಕ್ಕಪಕ್ಕ ಬಿತ್ತಿ ಎಣಿಸಬೇಕು. ಅವನು ಆ ಎರಡನೇ ಇಪ್ಪತ್ತನ್ನ ತೋರಿಸಿದಾನಾ? ಇಲ್ಲ. ಅವನ ಮಾತು ಕೇಳಿ ಬಿತ್ತಿ, ಹುಟ್ಟದೆ, ನಾಚಿಕೆಯಿಂದ ಸುಮ್ಮನಾದೋರು ರೀಲ್ ಮಾಡಿದಾರಾ? ಅದೂ ಇಲ್ಲ. ಹುಟ್ಟಿದ್ದು ಮಾತ್ರ ಪರದೆಗೆ ಬರ್ತೈತೆ, ಕೊಳೆತಿದ್ದು ಕುಂಡದಲ್ಲೇ ಉಳೀತೈತೆ. ಹತ್ತು ಲಕ್ಷ ಜನ ನೋಡಿದ್ರು ಅನ್ನೋದು ನೋಡಿದೋರ ಲೆಕ್ಕ, ಮೊಳೆತ ಬೀಜದ ಲೆಕ್ಕ ಅಲ್ಲ.

ತಿಪ್ಪೇಸ್ವಾಮಿ: ಹಂಗಾದ್ರೆ ನಾನೇ ಒಂದು ರೀಲ್ ಮಾಡ್ತೀನಿ. "ಒಣಬೀಜ ಬಿತ್ತಿ, ಎಂಟು ದಿನ ಸುಮ್ಮನಿರಿ" ಅಂತ.

ಓಬಕ್ಕ: ಮಾಡು. ಯಾರೂ ನೋಡಲ್ಲ. ಸುಮ್ಮನಿರೋದನ್ನ ಚಿತ್ರ ಹಿಡಿಯೋಕಾಗಲ್ಲ, ಅದಕ್ಕೇ ಜನಕ್ಕೆ ಅದನ್ನ ಹೇಳೋರಿಲ್ಲ. ತಗೋ ಪ್ಯಾಕೆಟ್ಟು. ದುಡ್ಡು ಇಡು, ಹೋದ ಸಲದ ಬಾಕೀನೂ ಸೇರಿಸಿ.

ತಿಪ್ಪೇಸ್ವಾಮಿ: ಬಾಕಿ ಅಮಾವಾಸ್ಯೆ ಕಳೀಲಿ ಅಕ್ಕ, ದಿನ ಚೆನ್ನಾಗಿಲ್ಲ.