ಹಿಂದಿನ ಸೀಟಿನ ಪ್ರಜೆಗಳು ಬರೆದ ಕೃತಜ್ಞತಾ ಪತ್ರ

ಇವರಿಂದ:
ಹಳೇ ಗಾಡಿಗಳ ಹಿಂದಿನ ಸೀಟಿನ ಸಮಸ್ತ ಪ್ರಜೆಗಳು,
ನಗರಗೆರೆ ಹೋಬಳಿ, ಗೌರಿಬಿದನೂರು ತಾಲ್ಲೂಕು,
ಚಿಕ್ಕಬಳ್ಳಾಪುರ ಜಿಲ್ಲೆ.

ಇವರಿಗೆ:
ಸಾರಿಗೆ ಖಾತೆಯ ಸನ್ಮಾನ್ಯ ಸಚಿವರು,
ದೆಹಲಿಯವರು ಮತ್ತು ಬೆಂಗಳೂರಿನವರು, ಇಬ್ಬರೂ.

ವಿಷಯ: ಸೀಟ್ ಬೆಲ್ಟಿನ ಕಾಟದಿಂದ ನಮ್ಮನ್ನು ಪಾರು ಮಾಡಿದ್ದಕ್ಕೆ ಧನ್ಯವಾದ ಸಲ್ಲಿಸುವ ಬಗ್ಗೆ.

ಉಲ್ಲೇಖ: ಕೇಂದ್ರ ಮೋಟಾರು ವಾಹನ ನಿಯಮಗಳು 1989, ನಿಯಮ 138, ಉಪನಿಯಮ 3.

ಮಾನ್ಯರೇ,

ನಮ್ಮ ಹೋಬಳಿಯಿಂದ ಹೊರಡುವ ಅರ್ಜಿ ಅಂದ ಮೇಲೆ ಅದರಲ್ಲಿ ಏನಾದರೊಂದು ಬೇಡಿಕೆ ಇದ್ದೇ ಇರುತ್ತದೆ. ಬಸ್ಸು ಬಿಡಿ, ಡಾಂಬರು ಹಾಕಿಸಿ, ಕೆರೆಗೆ ನೀರು ಕೊಡಿ. ಈ ಸಲ ತಮಗೆ ಆ ತೊಂದರೆ ಕೊಡುವುದಿಲ್ಲ. ತಾವು ಕೊಡದೇ ಬಿಟ್ಟಿದ್ದಕ್ಕೆ ಕೈ ಮುಗಿಯೋಣವೆಂದು ಬರೆಯುತ್ತಿದ್ದೇವೆ.

ಮೇಲೆ ಉಲ್ಲೇಖಿಸಿದ ನಿಯಮವನ್ನು ನಮ್ಮೂರಿನ ಓದಿದ ಹುಡುಗರಿಂದ ಓದಿಸಿ ಕೇಳಿದೆವು. ಗಾಡಿಯಲ್ಲಿ ಬೆಲ್ಟು ಅಳವಡಿಸಿದ್ದರೆ ಡ್ರೈವರು, ಅವನ ಪಕ್ಕದವರು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರು, ಎಲ್ಲರೂ ಅದನ್ನು ಹಾಕಿಕೊಂಡಿರಬೇಕು ಎಂದು ಅದರಲ್ಲಿದೆ. ಎಂಥ ದಯೆ! ಬೆಲ್ಟೇ ಇಲ್ಲದ ಗಾಡಿಯವರನ್ನು ಬಾಗಿಲಲ್ಲೇ ಬಿಟ್ಟಿರಿ. ಡಿಕ್ಕಿಯ ಅಡ್ಡ ಸೀಟುಗಳಲ್ಲಿ ಎದುರುಬದುರು ಕೂತು, ಒಬ್ಬರ ಮೊಣಕಾಲಿಗೆ ಇನ್ನೊಬ್ಬರ ಮೊಣಕಾಲು ತಾಗಿಸಿಕೊಂಡು ಹೋಗುವವರನ್ನೂ ಬಿಟ್ಟಿರಿ. ಅವರ ಮುಖ ಮುಂದಕ್ಕಿಲ್ಲವಲ್ಲ! ಈ ಎರಡು ರಿಯಾಯಿತಿ ಸೇರಿಸಿದರೆ ನಮ್ಮ ಹೋಬಳಿಯ ಅರ್ಧಕ್ಕರ್ಧ ಮದುವೆ ದಿಬ್ಬಣ ಕಾನೂನಿನ ಕೈಗೆ ಸಿಗುವುದಿಲ್ಲ.

ಈ ದೇಶದಲ್ಲಿ ತಯಾರಾಗುವ ಕಾರುಗಳ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರ ಮಾರ್ಚ್‌ನಲ್ಲಿ. ಹಿಂದಿನ ಸೀಟಿಗೆ ಅದು ಬಂದದ್ದು 2002ರಲ್ಲಿ. ನಡುವಿನ ಎಂಟು ವರ್ಷ ಮುಂದೆ ಕೂತವರದು ಮಾತ್ರ ಜೀವವೆಂದೂ ಹಿಂದೆ ಕೂತವರು ಲಗೇಜೆಂದೂ ಸರ್ಕಾರ ತೀರ್ಮಾನಿಸಿತ್ತು. ಆ ಕಾಲದ ಮಾರುತಿ 800, ಓಮ್ನಿ, ಅಂಬಾಸಿಡರ್, ಜೀಪು ಯಾವುವೂ ಸುಮ್ಮನೆ ಸಾಯುವ ಜಾತಿಯವಲ್ಲ. ಬೆಂಗಳೂರಿನಲ್ಲಿ ವಯಸ್ಸಾದ ಗಾಡಿ ನಮ್ಮ ಕಡೆಗೆ ಬಂದು ಎರಡನೇ ಸಂಸಾರ ಹೂಡುತ್ತದೆ. ವಿದುರಾಶ್ವತ್ಥಕ್ಕೆ ನಾಗಪ್ರತಿಷ್ಠೆಗೆ, ಘಾಟಿಗೆ ಹರಕೆಗೆ, ಲೇಪಾಕ್ಷಿಗೆ, ತಿರುಪತಿಗೆ, ಹಿಂದೂಪುರದ ಬೀಗರ ಮನೆಗೆ ಮೂರು ತಲೆಮಾರು ಒಟ್ಟಿಗೆ ಹೊರಡುವುದು ಇವುಗಳಲ್ಲೇ.

ಆಮೇಲೆ ಬಂದ ಗಾಡಿಗಳಲ್ಲಿ ಹಿಂದೆಯೂ ಬೆಲ್ಟುಗಳಿವೆ ಎಂದು ಕೇಳಿದ್ದೇವೆ, ಕಂಡವರು ಕಡಿಮೆ. ಗಾಡಿ ಮನೆಗೆ ಬಂದ ವಾರದಲ್ಲೇ ಸೀಟ್ ಕವರ್ ಹೊಲಿಸುತ್ತೇವೆ. ಬಕಲ್ ಚುಚ್ಚುತ್ತದೆಂದು ಕವರಿನವನು ಅದನ್ನು ಸೀಟಿನ ಸಂದಿಗೆ ತಳ್ಳಿ ಮೇಲೊಂದು ಹೊಲಿಗೆ ಹಾಕುತ್ತಾನೆ. ಅಲ್ಲಿಗೆ ಅದರ ಅಂತ್ಯಕ್ರಿಯೆ ಮುಗಿಯಿತು.

ಇನ್ನು ದಂಡದ ವಿಚಾರ. ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ ಬೆಲ್ಟು ಹಾಕದಿದ್ದರೆ 1,000 ರೂಪಾಯಿ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂತು ಪ್ರಾಣ ಕಳೆದುಕೊಂಡ ಮೇಲೆ ದೆಹಲಿಗೆ ಹಿಂದಿನ ಸೀಟು ನೆನಪಾಯಿತು. ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಪೊಲೀಸ್ ಇಲಾಖೆಯೂ ಹಿಂದೆ ಕೂತವರಿಗೆ ದಂಡ ಹಾಕಿ ಎಂದು ಆದೇಶ ಹೊರಡಿಸಿತು. ಬೆಲ್ಟು ಇದ್ದೂ ಹಾಕದವನಿಗೆ ದಂಡ. ಬೆಲ್ಟೇ ಇಲ್ಲದ ಬೆಂಚಿನಲ್ಲಿ ಆರು ಜನರನ್ನು ತುಂಬಿಕೊಂಡು ಹೋಗುವವನ ಮೇಲೆ ಬೆಲ್ಟಿನ ಕೇಸೇ ಇಲ್ಲ. ಲೆಕ್ಕ ಬಲ್ಲ ಕುಟುಂಬಸ್ಥ ಏನು ಮಾಡಬೇಕು? ಕುಡುಗೋಲು ತಂದು ಇರುವ ಬೆಲ್ಟನ್ನೂ ಕೊಯ್ದು ಹಾಕಿ ನೆಮ್ಮದಿಯಾಗಿರಬೇಕು.

ಪೇಟೆಯವರು ನಮಗಿಂತ ಬುದ್ಧಿವಂತರು. ಬೆಲ್ಟು ಹಾಕದಿದ್ದರೆ ಹೊಸ ಕಾರು ಕೂಗಿಕೊಳ್ಳುತ್ತದೆ. ಅದರ ಬಾಯಿ ಮುಚ್ಚಿಸಲು ಬಕಲಿಗೆ ಸಿಕ್ಕಿಸುವ ಸುಳ್ಳು ಕ್ಲಿಪ್ಪೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಿದ್ದರು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕಣ್ಣು ಬಿಟ್ಟು ಐದು ಆನ್‌ಲೈನ್ ಅಂಗಡಿಗಳಿಂದ ಇಂಥ 13,118 ಮಾರಾಟದ ಪುಟಗಳನ್ನು ತೆಗೆಸಿತು. ಜೀವ ಉಳಿಸುವ ವಸ್ತುವನ್ನು ಮೋಸಗೊಳಿಸಲು ದುಡ್ಡು ಕೊಟ್ಟು ಇನ್ನೊಂದು ವಸ್ತು ಕೊಳ್ಳುವ ಜನ ನಾವು. ಬೆಲ್ಟು ಬೇಕೆಂದು ಕೇಳುವವನನ್ನು ಊರು ಹುಚ್ಚನೆನ್ನದೆ ಇನ್ನೇನು ಅಂದೀತು?

ನಮಗೆ ರಕ್ಷಣೆಯೇ ಇಲ್ಲ ಎಂದು ದಯವಿಟ್ಟು ಭಾವಿಸಬೇಡಿ. ಬಾನೆಟ್ಟಿಗೆ ನಿಂಬೆಹಣ್ಣು ಮತ್ತು ಮೆಣಸಿನಕಾಯಿ ಇದೆ. ಆಯುಧಪೂಜೆಯ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಪಕ್ಕದ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ಅವರ ತಾಲ್ಲೂಕಿನವರಾದ ನಾವು ನಿಂಬೆಹಣ್ಣನ್ನು ಇನ್ನೂ ಪರೀಕ್ಷೆಗೆ ಕಳುಹಿಸಿಲ್ಲ. ಗೌರಿಬಿದನೂರಿನಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪಮಾಪಕ ಜಾಲವಿದೆ. ಎಲ್ಲೋ ದೂರದೇಶದಲ್ಲಿ ನೆಲದೊಳಗೆ ಅಣುಬಾಂಬು ಸಿಡಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಅದರ ಪಕ್ಕದ ರಸ್ತೆಯಲ್ಲಿ ಹಿಂದಿನ ಸೀಟಿನ ಅಜ್ಜಿಯ ಹಣೆ ಮುಂದಿನ ಸೀಟಿಗೆ ಬಡಿದ ಸದ್ದು ಮಾತ್ರ ಯಾವ ಮಾಪಕದಲ್ಲೂ ದಾಖಲಾಗುವುದಿಲ್ಲ.

ಅಜ್ಜಿಯ ಮಾತು ಬಂತು. ನಮ್ಮಲ್ಲಿ ಮಗುವಿನ ಬೆಲ್ಟು ಅಂದರೆ ಅಜ್ಜಿಯ ತೋಳು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಏನಕ್ಕಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆಗ 10 ಕಿಲೋ ತೂಗುವ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಪ್ರೀತಿಯ ಲೆಕ್ಕದಲ್ಲಿ ಅಜ್ಜಿ ನೂರಕ್ಕೆ ನೂರು ತೆಗೆದುಕೊಳ್ಳುತ್ತಾಳೆ, ಭೌತಶಾಸ್ತ್ರದಲ್ಲಿ ಫೇಲು. ಅದೇ ಲೆಕ್ಕದಲ್ಲಿ 60 ಕಿಲೋ ತೂಕದ ಸೋದರಮಾವ 850 ಕಿಲೋ ಬಲದ ಹೊಡೆತವಾಗಿ ಮುಂದಿನ ಸೀಟಿನ ಬೆನ್ನಿಗೆ ಬೀಳುತ್ತಾನೆ. ಮುಂದೆ ಕೂತವನು ಬೆಲ್ಟು ಹಾಕಿಕೊಂಡ ವಿಧೇಯ ಪ್ರಜೆಯಾಗಿದ್ದರೂ ಹಿಂದಿನಿಂದ ಬಂದ ನೆಂಟನ ಕೈಯಿಂದ ಪಾರಾಗುವುದು ಕಷ್ಟ. ಜಪಾನಿನ ಅಪಘಾತಗಳನ್ನು ಪರಿಶೀಲಿಸಿದ ಸಂಶೋಧಕರು 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ: ಹಿಂದಿನವರು ಬೆಲ್ಟು ಹಾಕದಿದ್ದರೆ ಬೆಲ್ಟು ಹಾಕಿದ ಮುಂದಿನವರಿಗೂ ಸಾವಿನ ಅಪಾಯ ಸುಮಾರು ಐದು ಪಟ್ಟು.

ಇಷ್ಟೆಲ್ಲ ಕೇಳಿ ನಮ್ಮಲ್ಲೊಬ್ಬರು ಹೆದರಿಕೊಂಡರು. ಇದ್ದ ಹಳೇ ಗಾಡಿಗೆ ಹಿಂದೆ ಬೆಲ್ಟು ಹಾಕಿಸುವುದೆಂದು ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ನಕ್ಕ.

“ಹಿಂದ್ಗಡೆ ಬೆಲ್ಟು ಯಾಕಣ್ಣ? ಪೊಲೀಸ್ನೋರು ನೋಡೋದು ಮುಂದ್ಗಡೆ ಮಾತ್ರ.”

“ಪೊಲೀಸ್ನೋರಿಗಲ್ಲಪ್ಪ, ಮನೆಯೋರಿಗೆ.”

“ಮನೆಯೋರು ಕೇಳಿದ್ರಾ?”

“ಇಲ್ಲ.”

“ಮತ್ತೆ? ಸರಿ ಬಿಡು, ಗುಜರೀಲಿ ಒಂದ್ ಬೆಲ್ಟ್ ತತ್ತೀನಿ. ತಗಡಿಗೆ ತೂತು ಹೊಡ್ದು ಬೋಲ್ಟ್ ಬಿಗಿದ್ರೆ ಆಯ್ತು. ಏಮೀ ಕಾದಣ್ಣ.”

ಗಡಿ ಸೀಮೆಯ ನಮಗೆ ಧೈರ್ಯ ಹೇಳುವ ಹೊತ್ತಿಗೆ ತೆಲುಗು ತಾನಾಗಿ ಬರುತ್ತದೆ. ಆದರೆ ಏನೂ ಆಗಲ್ಲ ಎನ್ನುವ ಈ ತೂತಿನಲ್ಲೇ ಎಲ್ಲ ಆಗುವುದು. ಬೆಲ್ಟು ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಬಿಗಿದ ಜಾಗ ಕಿತ್ತು ಬಂದರೆ ಅದು ಬರೀ ಲಾಡಿ. ಬೆಲ್ಟು ಬಿಗಿಯುವ ನೆಲೆಗಳನ್ನು ಪರೀಕ್ಷಿಸುವ ವಿಶ್ವಸಂಸ್ಥೆಯ ವಾಹನ ಮಾನದಂಡದಲ್ಲಿ ಭುಜದ ಪಟ್ಟಿಯನ್ನೂ ಸೊಂಟದ ಪಟ್ಟಿಯನ್ನೂ ಒಟ್ಟಿಗೆ ತಲಾ ಸುಮಾರು 1,350 ಕಿಲೋ ಬಲದಿಂದ ಎಳೆಯುತ್ತಾರೆ. ತುಕ್ಕು ಹಿಡಿದ ನೆಲದ ತಗಡು, ಅದಕ್ಕೊಂದು ಸಣ್ಣ ವಾಷರು: ಇವು ಆ ಎಳೆತಕ್ಕೆ ಕಾಗದದ ಹಾಗೆ ಹರಿಯುತ್ತವೆ. ಹಲವು ಗಾಡಿಗಳಲ್ಲಿ ಕಂಪನಿಯವರೇ ತಗಡಿಗೆ ನಟ್ಟು ವೆಲ್ಡ್ ಮಾಡಿ ರಬ್ಬರ್ ಬಿರಡೆಯಿಂದ ಮುಚ್ಚಿಟ್ಟಿರುತ್ತಾರೆ. ಮ್ಯಾಟ್ ಎತ್ತಿ ಹುಡುಕಬೇಕಾದದ್ದು ಮೊದಲು ಅದನ್ನು. ಇಲ್ಲದಿದ್ದರೆ ದಪ್ಪ ಉಕ್ಕಿನ ಪ್ಲೇಟು ಕೊಟ್ಟು ಬಲವನ್ನು ಹರಡಬೇಕು, ಅದೂ ಬಲ್ಲವರ ಕೈಯಲ್ಲಿ.

ಸೊಂಟಕ್ಕೆ ಮಾತ್ರ ಕಟ್ಟುವ ಹಳೇ ಪಟ್ಟಿ ಇದ್ದವರು ನಾವು ಗೆದ್ದೆವು ಎಂದುಕೊಳ್ಳುವಂತಿಲ್ಲ. ಅದು ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಗುದ್ದಿದಾಗ ಮೇಲಕ್ಕೆ ಸರಿದು ಹೊಟ್ಟೆಯ ಮೇಲೆ ಕೂತರೆ ಕರುಳಿಗೂ ಬೆನ್ನುಮೂಳೆಗೂ ಪೆಟ್ಟು. ಸೊಂಟ, ಎದೆ, ಭುಜ ಮೂರಕ್ಕೂ ಭಾರ ಹಂಚುವ ಮೂರು ನೆಲೆಯ ಬೆಲ್ಟನ್ನು ಸ್ವೀಡನ್ನಿನ ಎಂಜಿನಿಯರ್ ನಿಲ್ಸ್ ಬೋಲಿನ್ ವೋಲ್ವೋ ಕಂಪನಿಗೆ ಮಾಡಿಕೊಟ್ಟದ್ದು 1959ರಲ್ಲಿ. ಅದಕ್ಕೆ ಮೊದಲು ಆತ ವಿಮಾನದಿಂದ ಪೈಲಟ್ಟನ್ನು ಹೊರಕ್ಕೆ ಎಸೆಯುವ ಸೀಟು ಮಾಡುತ್ತಿದ್ದವನು. ಹೊರಕ್ಕೆ ಎಸೆಯುವ ಕಲೆ ಬಲ್ಲವನಿಗೆ ಒಳಗೆ ಹಿಡಿದಿಡುವ ಬೆಲೆಯೂ ಗೊತ್ತಿತ್ತು. ಕಂಪನಿ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆರು ದಶಕ ದಾಟಿದರೂ ಆ ಪುಕ್ಕಟೆ ಜ್ಞಾನ ನಮ್ಮ ಹಳೇ ಗಾಡಿಗಳ ಹಿಂದಿನ ಸೀಟಿಗೆ ಬಂದು ತಲುಪಿಲ್ಲ.

ಗುಜರಿ ಬೆಲ್ಟಿನದು ಇನ್ನೊಂದು ಕತೆ. ಗುಜರಿಗೆ ಗುದ್ದಿಸಿಕೊಂಡ ಗಾಡಿಗಳೂ ಬರುತ್ತವೆ. ಒಮ್ಮೆ ಅಪಘಾತದ ಎಳೆತ ತಿಂದ ಬೆಲ್ಟಿನ ನೂಲು ಹಿಗ್ಗಿರುತ್ತದೆ, ಸುರುಳಿಯ ಪೆಟ್ಟಿಗೆಗೂ ಪೆಟ್ಟಾಗಿರುತ್ತದೆ. ಅದನ್ನು ಮತ್ತೆ ಬಳಸಬಾರದು. ಪೆಟ್ಟಿಗೆಯನ್ನು ತಯಾರಕರು ಹೇಳಿದ ಕೋನದಲ್ಲೇ ಕೂರಿಸಬೇಕು. ಓರೆಯಾದರೆ ಬೇಕಾದಾಗ ಹಿಡಿಯುವುದಿಲ್ಲ, ಇಲ್ಲವೇ ಬೇಡದಾಗೆಲ್ಲ ಹಿಡಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಬೆಲ್ಟು ಹುಡುಕುವವರು ಪೊಟ್ಟಣದ ಮೇಲೆ ಸುರಕ್ಷತಾ ಮಾನದಂಡದ ಗುರುತನ್ನೂ ನೋಡಬೇಕು. ಅಡ್ಡ ಸೀಟಿಗಂತೂ ಯಾವ ಬೆಲ್ಟೂ ಪೂರ್ತಿ ಪರಿಹಾರವಲ್ಲ. ಮೈ ಪಕ್ಕಕ್ಕೆ ಮುರಿಯುತ್ತದೆ. ಅದರ ಮೇಲೆ ಜನರ ಬದಲು ಚೀಲಗಳನ್ನು ಕೂರಿಸುವುದೊಂದೇ ದಾರಿ.

ಮಾನ್ಯರೇ, ಇಲ್ಲಿ ನಮಗೆ ನಗು ನಿಲ್ಲುತ್ತದೆ. 2023ರ ಅಕ್ಟೋಬರ್ 26ರ ಬೆಳಗ್ಗೆ, ಬಾಗೇಪಲ್ಲಿ ಕಡೆಯಿಂದ ಚಿಕ್ಕಬಳ್ಳಾಪುರದತ್ತ ಬರುತ್ತಿದ್ದ ಟಾಟಾ ಸುಮೋ ಚಿತ್ರಾವತಿ ಬಳಿ ಮಂಜಿನಲ್ಲಿ ಹೆದ್ದಾರಿಯ ಮೇಲೆ ನಿಂತಿದ್ದ ಟ್ಯಾಂಕರಿಗೆ ಗುದ್ದಿ 13 ಜನ ಸತ್ತರು. ಅವರಲ್ಲಿ ಬೆಲ್ಟು ಎಷ್ಟು ಜನರನ್ನು ಉಳಿಸುತ್ತಿತ್ತೆಂದು ನಾವು ಲೆಕ್ಕ ಹಾಕುವುದಿಲ್ಲ. ಮಂಜು, ವೇಗ, ನಿಲ್ಲಬಾರದ ಕಡೆ ನಿಂತ ಟ್ಯಾಂಕರು, ಒಂದೇ ಗಾಡಿಯಲ್ಲಿ ತುಂಬಿದ ಜನ, ಎಲ್ಲವೂ ಸೇರಿ ಆದದ್ದು ಅದು. ಆದರೆ ತಮ್ಮದೇ ಸಚಿವಾಲಯ ಪ್ರಕಟಿಸಿದ 2022ರ ವರದಿ ನಮ್ಮ ಮುಂದಿದೆ. ಆ ವರ್ಷ ಬೆಲ್ಟು ಹಾಕದೆ ಸತ್ತವರು 16,715. ಅವರಲ್ಲಿ ಡ್ರೈವರುಗಳು 8,384, ಉಳಿದ 8,331 ಜನ ಪ್ರಯಾಣಿಕರು.

ಆದ್ದರಿಂದ, ಬೇಡಿಕೆ ಇಲ್ಲವೆಂದು ಮೇಲೆ ಬರೆದದ್ದನ್ನು ಹೊಡೆದು ಹಾಕಿ ಓದಿಕೊಳ್ಳಬೇಕಾಗಿ ಪ್ರಾರ್ಥನೆ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ನೋಂದಣಿ ನವೀಕರಿಸಲು ಗಾಡಿಯನ್ನು ಆರ್‌ಟಿಒ ಮುಂದೆ ತಂದು ನಿಲ್ಲಿಸುತ್ತೇವೆ. 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ ತಾವು 5,000ಕ್ಕೆ ಏರಿಸಿದಿರಿ. ಆ ದುಡ್ಡಿಗೆ ಒಂದು ಉಪಕಾರ ಮಾಡಿ. ಅವತ್ತು ಹಿಂದಿನ ಸೀಟಿನ ಬೆಲ್ಟುಗಳನ್ನು ಹೊರಗೆ ಎಳೆದು ನೋಡುವುದನ್ನು ಪರೀಕ್ಷೆಯಲ್ಲಿ ಸೇರಿಸಿ. ಹರಿದಿದ್ದರೆ, ಹೊಲಿಗೆಯಡಿ ಹೂತಿದ್ದರೆ ಸರಿ ಮಾಡಿಸಿಕೊಂಡು ಬಾ ಎಂದು ವಾಪಸು ಕಳಿಸಿ. ಬೆಲ್ಟು ಇಲ್ಲದೆ ಹುಟ್ಟಿದ ಗಾಡಿಗೆ ಅದನ್ನು ಕ್ರಮವಾಗಿ ಕೂರಿಸಬಲ್ಲ ಗ್ಯಾರೇಜಿಗೆ ತಾಲ್ಲೂಕಿಗೊಂದರಂತೆ ತರಬೇತಿ ಮತ್ತು ಮಾನ್ಯತೆ ಕೊಡಿ. ಹಾಗೆ ಕೂರಿಸಿದ್ದು ಕಾಯ್ದೆಯ 52ನೇ ಕಲಮಿನ ಅಕ್ರಮ ಮಾರ್ಪಾಡಲ್ಲ ಎಂದು ಒಂದು ಸಾಲು ಬರೆದುಕೊಡಿ. ದಂಡದ ಚೀಟಿ ಹರಿಯುವುದಕ್ಕಿಂತ ಇದು ಹೆಚ್ಚಿನ ಕೆಲಸವೇನಲ್ಲ.

ಪ್ರತಿ: ಹಳೇ ಗಾಡಿ ಇಟ್ಟುಕೊಂಡಿರುವ ಸಮಸ್ತ ಮನೆಯವರಿಗೆ.

ಸಚಿವರ ಉತ್ತರಕ್ಕೆ ಕಾಯಬೇಡಿ. ಮುಂದಿನ ಜಾತ್ರೆಗೋ ಮದುವೆಗೋ ಹೊರಡುವ ಮೊದಲು ಹಿಂದಿನ ಸೀಟಿನ ಕವರ್ ಎತ್ತಿ ನೋಡಿ. ಬೆಲ್ಟಿದ್ದರೆ ಹೊಲಿಗೆ ಬಿಚ್ಚಿ ಹೊರಗೆ ತೆಗೆಯಿರಿ. ರಪ್ಪನೆ ಎಳೆದಾಗ ಅದು ಹಿಡಿದು ನಿಲ್ಲಬೇಕು, ಅಂಚು ಎಳೆ ಬಿಟ್ಟಿರಬಾರದು. ಇಲ್ಲದಿದ್ದರೆ ಹೊಸದು ಹಾಕಿಸಿ. ಅಲ್ಲಿಯವರೆಗೆ ಗಾಡಿಯಲ್ಲಿ ಎಷ್ಟು ಬೆಲ್ಟಿದೆಯೋ ಅಷ್ಟೇ ಜನ ಹತ್ತಿ. ಉಳಿದವರು ಬಸ್ಸಿಗೆ ಬನ್ನಿ.

ಇಂತಿ ತಮ್ಮ ವಿಧೇಯ,
ಹಿಂದಿನ ಸೀಟಿನ ಪ್ರಜೆಗಳು