ಐಇಎಲ್‌ಟಿಎಸ್ ಮೀಮಾಂಸೆ: ಮೆಣಸೆ ಪಂಥ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಶುರುಮಾಡಕೂಡದು. ಶೃಂಗೇರಿ ಪಕ್ಕದ ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವೇ ಇರುವಾಗ ಈ ನಿಯಮ ಮುರಿಯಲು ನಮಗೆ ಧೈರ್ಯವಿಲ್ಲ. ವಿಷಯ: ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಅಧಿಕಾರಿ: ತೋಟವನ್ನು ತಮ್ಮನಿಗೆ ಬಿಟ್ಟು ಕೆನಡಾಕ್ಕೆ ಹೊರಟ, ಮೂವತ್ತು ದಾಟಿದ ಇಂಜಿನಿಯರ್, ಲಂಡನ್ನಿನ ಆಸ್ಪತ್ರೆಗೆ ಹೊರಟ ನರ್ಸ್. ಪ್ರಯೋಜನ: ವೀಸಾ. ಸಂಬಂಧ: ಏಜೆಂಟರಿಗೇ ಗೊತ್ತು.

ಇತಿಹಾಸ. ಕೇಂಬ್ರಿಜ್‌ನವರು ಪರಭಾಷಿಕರಿಗೆಂದು 1913ರಲ್ಲಿ ಶುರುಮಾಡಿದ ಇಂಗ್ಲಿಷ್ ಪರೀಕ್ಷೆಗೆ ಕೂತವರು 3 ಜನ. ಪರೀಕ್ಷೆ 12 ಗಂಟೆ. ಪಾಸಾದವರು ಯಾರೂ ಇಲ್ಲ. ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದು. 1989ರಲ್ಲಿ ಬಂದ ಐಇಎಲ್‌ಟಿಎಸ್ ಹೊತ್ತನ್ನು ಮೂರು ಗಂಟೆಯೊಳಗೆ ಇಳಿಸಿತು. ಪಾಸು-ಫೇಲು ತೆಗೆದು 0ಯಿಂದ 9ರವರೆಗೆ ಬ್ಯಾಂಡ್ ಇಟ್ಟಿತು. ಫೇಲ್ ಮಾಡುವ ಕೆಲಸವನ್ನು ವೀಸಾ ಕಚೇರಿಗೆ ವಹಿಸಿತು.

ಓದುವ ಪತ್ರಿಕೆ. 60 ನಿಮಿಷಕ್ಕೆ 40 ಪ್ರಶ್ನೆ. ಒಂದು ವಾಕ್ಯ ಕೊಟ್ಟು ನಿಜವೋ, ಸುಳ್ಳೋ, 'ಹೇಳಿಲ್ಲ'ವೋ ಎಂದು ಕೇಳುವುದುಂಟು. ಅನೇಕರು ಎಡವುವುದು ಈ ಮೂರನೆಯದರಲ್ಲೇ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯ ನೆರೆಯವರಾದ ನಮಗೆ ಇದೇನು ಮಹಾ? ಜೈನರ ಸ್ಯಾದ್ವಾದದಲ್ಲಿ ಇಂಥವು ಏಳಿವೆ. "ಮಗಳಿಗೆ ಗಂಡು ಗೊತ್ತಾಯ್ತಂತೆ?" ಎಂದರೆ "ಮೊದ್ಲು ಅಡಿಕೆ ಕೊಯ್ಲು ಮುಗೀಲಿ ಮಾರಾಯ್ರೆ" ಎನ್ನುವ ಊರಿನವರಿಗೆ 'ಹೇಳಿಲ್ಲ' ಹುಟ್ಟಿನಿಂದಲೇ ಬಂದದ್ದು.

ಬರೆಯುವ ಪತ್ರಿಕೆ. ಅಕಾಡೆಮಿಕ್ ವಿಭಾಗದಲ್ಲಿ ಗ್ರಾಫ್ ನೋಡಿ ಕನಿಷ್ಠ 150 ಪದ ಬರೆಯಬೇಕು; ಕಾರಣ ಮಾತ್ರ ಹೇಳಬಾರದು. ಇದು ಮಲೆನಾಡಿಗೆ ಬಗೆದ ದ್ರೋಹ. ರಾಶಿ ಅಡಿಕೆ ಧಾರಣೆಯ ಗೆರೆ ಇಳಿದದ್ದು ಕಂಡರೆ ಸಾಕು. ಹೊರದೇಶದ ಅಡಿಕೆ, ಹಳದಿ ಎಲೆ ರೋಗ, ಎಲೆಚುಕ್ಕಿ, ಕೊಳೆ, ವ್ಯಾಪಾರಿ, ಸರ್ಕಾರ ಎಂದು ಬರೆಯುವುದರಲ್ಲೇ ಹೊತ್ತು ಮುಗಿದು, ಗೆರೆ ಇಳಿದಿದೆ ಎಂಬುದೇ ಬಿಟ್ಟುಹೋಗುತ್ತದೆ. ಕಾರಣವಿಲ್ಲದ ಕಾರ್ಯವನ್ನು ಒಪ್ಪಲು ಚಾರ್ವಾಕರ ನಂತರ ಧೈರ್ಯ ಮಾಡಿದವರು ಈ ಪರೀಕ್ಷಕರೇ.

ಮಾತಿನ ಪರೀಕ್ಷೆ. ಒಟ್ಟು 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಚೀಟಿಯಲ್ಲಿ 'ಒಂದು ನದಿಯನ್ನು ವರ್ಣಿಸಿ' ಎಂದು ಬಂತೆನ್ನಿ. ತುಂಗೆಯ ನೀರು ಕುಡಿದವನ ಉತ್ತರ: "ಹೊಳೆ ಇದೆ. ಮಳೆಗಾಲದಲ್ಲಿ ತುಂಬ್ತದೆ." ಸತ್ಯ, ಸಮಗ್ರ, ಐದು ಸೆಕೆಂಡು.

ಪೂರ್ವಪಕ್ಷ: ಶಂಕರರೊಡನೆ ವಾದಿಸಿ ಸೋತ ಮಂಡನಮಿಶ್ರರೇ ಸುರೇಶ್ವರರಾಗಿ ಶೃಂಗೇರಿ ಪೀಠವೇರಿದರೆಂದು ನಂಬುವ ನೆಲದಲ್ಲಿ ಮಾತಿಗೆ ಬರವೇ?

ಸಿದ್ಧಾಂತ: ನ್ಯಾಯಶಾಸ್ತ್ರದಲ್ಲಿ ಚರ್ಚೆ ಮೂರು ಬಗೆ. ಸತ್ಯ ತಿಳಿಯಲು ವಾದ, ಗೆಲ್ಲಲು ಜಲ್ಪ, ಎದುರಾಳಿಯನ್ನು ಕೆಡವಲಷ್ಟೇ ವಿತಂಡ. ಇಲ್ಲಿ ಅಂಕ ಸಿಗುವುದು ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆಗೆ. ಹೇಳಿದ್ದು ನಿಜವೇ ಎಂದು ಯಾರೂ ವಿಚಾರಿಸುವುದಿಲ್ಲ. ಸತ್ಯ ಬೇಕಿಲ್ಲ, ಗೆಲ್ಲುವಂತಿಲ್ಲ, ಎದುರಿಗಿರುವವರು ವಿರೋಧಿಸುವುದೂ ಇಲ್ಲ. ಗೌತಮ ಮಹರ್ಷಿಗಳ ಲೆಕ್ಕಕ್ಕೆ ಸಿಗದ ಈ ನಾಲ್ಕನೆಯ ಬಗೆಯನ್ನು ಮೆಣಸೆ ಪಂಥ ಕಂಡ ಕೂಡಲೇ ಗುರುತಿಸಿತು: ಪಟ್ಟಾಂಗ. ಹೊಳೆಯ ಬಗ್ಗೆ ಎರಡೇ ಮಾತಿಗೆ ನಿಲ್ಲುವವನು, ತಾನು ಕಣ್ಣಲ್ಲೂ ಕಾಣದ ಮಂತ್ರಿಯ ಬಗ್ಗೆ ಹೋಟೆಲಿನಲ್ಲಿ ಅರ್ಧ ಗಂಟೆ ತಡೆಯಿಲ್ಲದೆ ಮಾತಾಡುತ್ತಾನೆ. ಆದ್ದರಿಂದ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಅಭ್ಯಾಸ ಸಲ್ಲದು. ಗೊತ್ತಿರುವುದು ನಾಲಗೆಯನ್ನು ಕಟ್ಟಿಹಾಕುತ್ತದೆ.

ಫಲಶ್ರುತಿ: ಇದನ್ನು ನಿತ್ಯ ಪಠಿಸಿದವರಿಗೆ ಏಳು ಬ್ಯಾಂಡ್ ನಿಶ್ಚಯ. ಆದರೆ ಫಲಿತಾಂಶದ ಬಾಳಿಕೆ ಸಾಮಾನ್ಯವಾಗಿ 2 ವರ್ಷ ಅಷ್ಟೆ. ಪುಣ್ಯ ತೀರುವುದರೊಳಗೆ ವೀಸಾ ಮಾಡಿಸಿಕೊಳ್ಳಿ. ಇಲ್ಲವಾದರೆ ಮತ್ತೆ ಫೀಸು ಕಟ್ಟಿ.