ಮೂರು ಚೀನಿಕಾಯಿ, ಒಂದು ‘ಹ್ಞೂಂ’

ಮನೆಯಲ್ಲಿ ನಾನು ಅತಿ ಹೆಚ್ಚು ಆಡುವ ಮಾತು ‘ಹ್ಞೂಂ’. ಹೆಂಡತಿ ಅದನ್ನು ‘ಒಪ್ಪಿದ್ದಾರೆ’ ಎಂದು ಲೆಕ್ಕಕ್ಕೆ ಹಾಕಿಕೊಳ್ಳುತ್ತಾಳೆ. ನನ್ನ ಲೆಕ್ಕದಲ್ಲಿ ಅದರ ಅರ್ಥ ‘ಏನೋ ಸದ್ದು ಕೇಳಿಸಿತು’ ಎಂದಷ್ಟೆ.

ನಾನು ಶಿಕಾರಿಪುರದಲ್ಲಿ ಕೂತು ಅಡಿಕೆ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವವನು. ಅವಳ ತವರು ಸೊರಬದ ಪಕ್ಕದ ಹಳ್ಳಿ. ಯಡಿಯೂರಪ್ಪನವರ ತಾಲ್ಲೂಕು ನನ್ನದು, ಬಂಗಾರಪ್ಪನವರದು ಅವಳದು. ಎರಡೂ ಕಡೆಗೆ ಮುಖ್ಯಮಂತ್ರಿ ಪಟ್ಟ ಬಂದು ಹೋಗಿದೆ. ನಮ್ಮ ಮನೆಯ ಅಧಿಕಾರ ಮಾತ್ರ ಸೊರಬ ಬಿಟ್ಟು ಕದಲಿಲ್ಲ.

ಕಳೆದ ಭೂಮಿ ಹುಣ್ಣಿಮೆಗೆ ಎರಡು ದಿನ ಇರುವಾಗ ಒಬ್ಬ ವ್ಯಾಪಾರಿಯ ಫೋನು. “ಸಾರ್, ತೂಕದ ಚೀಟಿ ಹಾಕಿ ಸೇವ್ ಒತ್ತಿದೆ, ಕಂಪ್ಯೂಟರ್ ಮುಚ್ಚಿ ಊಟಕ್ಕೆ ಹೋದೆ. ಬಂದು ನೋಡಿದ್ರೆ ಚೀಟಿನೇ ಇಲ್ಲ!” ತಪ್ಪು ನನ್ನದೇ.

ಸೇವ್ ಒತ್ತಿದ ಚೀಟಿ ದೂರದ ಸರ್ವರಿಗೆ ಹೋಗಬೇಕು. ಉತ್ತರ ಬರುವ ತನಕ ಪರದೆ ಕಲ್ಲಾಗಿ ನಿಲ್ಲಬಾರದೆಂದು ಕರೆ ಕಳಿಸಿಬಿಟ್ಟು ಮುಂದಿನ ಕೆಲಸಕ್ಕೆ ಹೊರಡುತ್ತೇವೆ. ಇದಕ್ಕೆ ಅಸಿಂಕ್ರೊನಸ್ ಎನ್ನುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಅಕ್ಕಿ ಡಬ್ಬ ಇಟ್ಟು ಸಂತೆಗೆ ಹೋಗಿಬಂದ ಹಾಗೆ. ಡಬ್ಬ ಗಿರಣಿಯವನ ಕೈ ಸೇರುವ ಮೊದಲೇ ನೀವು ಊರು ಬಿಟ್ಟರೆ ಹಿಟ್ಟಿಲ್ಲ. ಬೀಸಿ ಆದಮೇಲೆ ಕೇಳಲು ನೀವಿಲ್ಲದಿದ್ದರೆ ಇನ್ನೂ ಫಜೀತಿ: ಹಿಟ್ಟಾಗಿಲ್ಲವೆಂದುಕೊಂಡು ಮನೆಯವರು ಇನ್ನೊಂದು ಡಬ್ಬ ಕಳಿಸುತ್ತಾರೆ.

ಈ ಪಾಠ ನನಗೆ ಹೊಸದಲ್ಲ. ಹಿಂದೆ ಬ್ರೌಸರಿನೊಳಗೆ ಓಡುವ ಸಿಲ್ವರ್‌ಲೈಟ್ ಎಂಬ ತಂತ್ರಾಂಶದಲ್ಲಿ ಪ್ರೋಗ್ರಾಮ್ ಬರೆಯುವಾಗ ಸರ್ವರ್ ಕರೆಗಳೆಲ್ಲ ಹೀಗೇ ಇದ್ದವು. ಮುಚ್ಚುವ ಗಳಿಗೆಯಲ್ಲಿ ಕೊನೆಯ ಕರೆ ಕಳಿಸಿದರೆ ಉತ್ತರ ಕೇಳಲು ಪ್ರೋಗ್ರಾಮೇ ಉಳಿದಿರುತ್ತಿರಲಿಲ್ಲ. 2021ರ ಅಕ್ಟೋಬರ್ 12ಕ್ಕೆ ಮೈಕ್ರೋಸಾಫ್ಟ್ ಆ ಸಿಲ್ವರ್‌ಲೈಟಿಗೇ ಬೆಂಬಲ ನಿಲ್ಲಿಸಿತು. ಈಗ ಬ್ರೌಸರುಗಳಲ್ಲಿ ಸೆಂಡ್‌ಬೀಕನ್ ಇದೆ. ಬಾಗಿಲು ಹಾಕುತ್ತಾ 64 ಕಿಲೋಬೈಟಿನೊಳಗೆ ಒಂದು ಚೀಟಿ ಎಸೆದು ಹೋಗಬಹುದು, ಉತ್ತರ ಕೇಳುವಂತಿಲ್ಲ. ನನ್ನ ಹೆಂಡತಿ ಫೋನಿನಲ್ಲಿ ಬಳಸುವುದೂ ಇದೇ ತಂತ್ರ, 64ರ ಮಿತಿಯೊಂದಿಲ್ಲ.

ರಾತ್ರಿಯಿಡೀ ಕೂತು ರಿಪೇರಿ ಮಾಡಿದೆ. ಚೀಟಿಯನ್ನು ಮೊದಲು ವ್ಯಾಪಾರಿಯ ಕಂಪ್ಯೂಟರಿನಲ್ಲೇ ಬರೆದಿಡು, ಅದಕ್ಕೊಂದು ನಂಬರ್ ಕೊಡು, ಆಮೇಲೆ ಕಳಿಸು. ಉತ್ತರ ಬಂದಮೇಲಷ್ಟೇ ಅಳಿಸು. ಅದೇ ನಂಬರ್ ಎರಡು ಸಲ ಬಂದರೆ ಸರ್ವರ್ ಒಂದೇ ಸಲ ಬರೆದುಕೊಳ್ಳಲಿ. ಬರೆದಿಟ್ಟು ಹೋಗುವ ಈ ಉಪಾಯ ನಮ್ಮ ತಾಲ್ಲೂಕಿನಲ್ಲಿ ಹಳೆಯದೇ. ತಾಳಗುಂದದಲ್ಲಿ ಕೆರೆ ಕಟ್ಟಿಸಿದವನು ಕದಂಬರ ಕಾಕುಸ್ಥವರ್ಮ. ಶಾಸನ ಬರೆಸಿದ್ದು ಮಗ ಶಾಂತಿವರ್ಮ. ಕುಬ್ಜ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ. ಐದನೆಯ ಶತಮಾನದ ದಾಖಲೆ, ಇವತ್ತಿಗೂ ಚಾರ್ಜರ್ ಕೇಳುವುದಿಲ್ಲ.

ಬೆಳಿಗ್ಗೆ, ಆಗಲೇ ತವರಿನಲ್ಲಿದ್ದ ಹೆಂಡತಿಯ ಫೋನು. “ರೀ, ಬರ್ತಾ ಶಿರಾಳಕೊಪ್ಪದಲ್ಲಿ ಒಂದು ಚೀನಿಕಾಯಿ ತಗೊಳ್ಳಿ, ಅಮ್ಮ ಕಡುಬು ಮಾಡ್ತಾಳೆ. ತಗೊಂಡ ತಕ್ಷಣ ಫೋನ್ ಮಾಡಿ.”

“ಹ್ಞೂಂ.”

ಚಾರ್ಜು ಎಷ್ಟಿದೆಯೆಂದು ನೋಡದೆ ಹೆಲ್ಮೆಟ್ ಹಾಕಿದೆ.

ಶಿರಾಳಕೊಪ್ಪದಲ್ಲಿ ಅರವತ್ತು ರೂಪಾಯಿಗೆ ಚೀನಿಕಾಯಿ ಕುದುರಿತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಚಕ್ರ ಎರಡು ಸುತ್ತು ತಿರುಗಿತು, ಫೋನು ಕಣ್ಣು ಮುಚ್ಚಿತು. ನನ್ನ ಫೋನು ಸತ್ತರೆ ಬ್ಯಾಂಕಿನ ಸರ್ವರ್ ಸೂತಕ ಹಿಡಿಯುವುದಿಲ್ಲ, ಕೆಲಸ ಮುಂದುವರಿಸುತ್ತದೆ. ಆದರೆ ಅಂಗಡಿಯಾಕೆಯ ಸ್ಪೀಕರ್ ಡಬ್ಬಿ ಮೌನ.

“ದುಡ್ಡು ಬಂದಿಲ್ಲ ಕಣಣ್ಣ.”

“ಕಟ್ಟಾಗಿ ನಿಮಗೆ ಬರದಿದ್ರೆ ಐದು ದಿನದೊಳಗೆ ನನಗೆ ತಾನಾಗೇ ವಾಪಸ್ ಬರುತ್ತಮ್ಮ. ಬರದಿದ್ರೆ ಆಮೇಲೆ ದಿನಕ್ಕೆ ನೂರು ರೂಪಾಯಿ ಬ್ಯಾಂಕಿನವರೇ ಕೊಡಬೇಕು. 2019ರಲ್ಲೇ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ.”

“ಹಂಗಂತ ನಾನು ಐದು ದಿನ ಕಾಯ್ಕಂಡು ಕೂರ್ಲಾ?”

ಜೇಬಿನಿಂದ ಅರವತ್ತು ತೆಗೆದುಕೊಟ್ಟೆ.

ಮಾವನ ಮನೆ ಜಗಲಿ ಹತ್ತಿದರೆ ಎದುರಿಗೇ ಎರಡು ಚೀನಿಕಾಯಿ. ನನ್ನ ಕೈಯಲ್ಲಿ ಮೂರನೆಯದು. “ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ನೀವು ತಗೊಂಡ್ರೋ ಇಲ್ವೋ ನಂಗೇನು ಕನಸು ಬೀಳುತ್ತಾ? ಅಪ್ಪನಿಗೆ ಹೇಳಿದೆ. ಅಪ್ಪನೂ ಫೋನ್ ಎತ್ತಲಿಲ್ಲ, ತಮ್ಮನಿಗೆ ಹೇಳಿದೆ,” ಅಂದಳು ಹೆಂಡತಿ. “ಒಂದು ಚೀನಿಕಾಯಿಗೆ ಒಂದೇ ನಂಬರ್ ಕೊಟ್ಟಿದ್ರೆ ಹೀಗಾಗ್ತಿರಲಿಲ್ಲ,” ಎಂದು ರಾತ್ರಿ ಕಲಿತ ವಿದ್ಯೆ ಬಿಚ್ಚಿದೆ. ಭಾವಮೈದ ಎದ್ದು ದನದ ಕೊಟ್ಟಿಗೆ ಕಡೆ ಹೋದ, ನಗುವುದಕ್ಕೆ. “ಇರಲಿ ಬಿಡು, ಅಳಿಯಂದಿರು ದಣಿದಿದಾರೆ,” ಎಂದು ಅತ್ತೆ ನನ್ನ ಕೈಗೆ ತುರಿಯುವ ಮಣೆ ಕೊಟ್ಟರು.

ಆ ರಾತ್ರಿ ಮೂರು ಚೀನಿಕಾಯಿಗಾಗುವಷ್ಟು ಕಡುಬು ಬೆಂದಿತು. ಬೆಳಕು ಹರಿಯುವ ಮೊದಲೇ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೊರಟೆವು. ಕೆಮ್ಮಣ್ಣು ಬಳಿದ ಬುಟ್ಟಿ, ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಯ ಚಿತ್ತಾರ. ಹೆಂಡತಿ ಎಳೆದ ಗೆರೆಗಳು ನೂಲು ಹಿಡಿದ ಹಾಗಿದ್ದವು. ಒಂದು ಮೂಲೆಯಲ್ಲಿ ಡೊಂಕಾಗಿದ್ದವು, ನಾನು ಸಹಾಯ ಮಾಡಿದ್ದು. ಬಸುರಿ ಭೂಮಿತಾಯಿಗೆ ಬಯಕೆ ಊಟವೆಂದು ಮಾವ ಮಣ್ಣು ತೋಡಿ ಕಡುಬು ಇಟ್ಟರು. ಪ್ರತಿ ವರ್ಷಕ್ಕಿಂತ ಆಳವಾಗಿಯೇ ತೋಡಿದರು ಎನಿಸಿತು.

ವಾಪಸ್ ಬರುವಾಗ ಶಿರಾಳಕೊಪ್ಪದಲ್ಲಿ ಅಂಗಡಿಯಾಕೆ ಕೈಮಾಡಿ ನಿಲ್ಲಿಸಿದಳು. “ನೀನು ಅತ್ಲಾಗೆ ಹೋದೆ, ಇತ್ಲಾಗೆ ಡಬ್ಬಿ ಕೂಗ್ತು ಕಣಣ್ಣ. ಅರವತ್ತು ಬಂದೈತೆ. ಈಗ ಚಿಲ್ಲರೆ ಇಲ್ಲ, ತಗಾ,” ಎಂದು ಇನ್ನೊಂದು ಚೀನಿಕಾಯಿ ಎತ್ತಿಕೊಟ್ಟಳು.

ಹೆಂಡತಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂತಳು. ಬೈಕು ಹೊರಟ ಮೇಲೆ ಬೆನ್ನ ಹಿಂದಿನಿಂದ ಏನೋ ಕೇಳಿದಳು. ಹೆಲ್ಮೆಟ್ಟಿನೊಳಗೆ ಗಾಳಿ, ಏನೂ ತಿಳಿಯಲಿಲ್ಲ.

“ಹ್ಞೂಂ,” ಅಂದೆ.